ರಸೀದಿಯಿಲ್ಲದ ಗಂಡನಿಗಾಗಿ ಆಶಾಲತಾ

ಆಶಾಲತಾ ಅವರನ್ನು ತಕ್ಕಡಿಗೆ ಏರಿಸಿದರೆ ನಲವತ್ತೇಳು ಕಿಲೊ ತೂಗಬಹುದು. ಅದರಲ್ಲಿ ಎರಡು ಕಿಲೊ ಕನ್ನಡಕ, ಕೊಡೆ ಮತ್ತು ಕೈಚೀಲದ್ದು. ವಯಸ್ಸು ಅರವತ್ತೊಂಬತ್ತು. ಹೊರಗಿನ ಗೋಣಿ ಸ್ವಲ್ಪ ಮಾಸಿದೆ, ಹೊಲಿಗೆ ಗಟ್ಟಿ. ಒಳಗಿನ ಕಾಳು ಹಳೆಯದಾದರೂ ಹುಳ ಹಿಡಿದದ್ದಲ್ಲ, ಬೇಯುವುದಕ್ಕೆ ಮಾತ್ರ ಹೊತ್ತು ಹಿಡಿಯುತ್ತದೆ. ಚೌಕಾಸಿಗೆ ಬಗ್ಗುವ ಸರಕಂತೂ ಅಲ್ಲವೇ ಅಲ್ಲ. ಕೋಲ್ಕತ್ತದ ಲೇಕ್ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷದಿಂದ ಕುಚ್ಚಲಕ್ಕಿ, ಕಾಫಿಪುಡಿ, ತೆಂಗಿನೆಣ್ಣೆ ಮಾರುತ್ತಿರುವ ಕಾಮತ ಎಂಬ ಅಂಗಡಿಯವನು, ಅಂದರೆ ಇದನ್ನು ಬರೆಯುತ್ತಿರುವವನು, ಗಿರಾಕಿ ಮೆಟ್ಟಿಲು ಹತ್ತುವಾಗಲೇ ಏನು ಕೊಳ್ಳುತ್ತಾರೆ, ಏನು ಮುಟ್ಟಿ ನೋಡಿ ಇಟ್ಟುಹೋಗುತ್ತಾರೆ ಎಂದು ಹೇಳಬಲ್ಲವನು. ಆಶಾಲತಾ ಅವರ ವಿಷಯದಲ್ಲಿ ಮಾತ್ರ ಅವನ ಅಂದಾಜು ತಪ್ಪಿತು. ಗಂಡ ಹೋದ ಮೇಲೆ ಇವರು ಮೆತ್ತಗಾಗುತ್ತಾರೆ ಎಂದುಕೊಂಡಿದ್ದ.

ಅವರು ಉಡುಪಿ ಕಡೆಯ ಹಳೆಯ ಬಾಸೆಲ್ ಮಿಶನ್ ಕ್ರೈಸ್ತ ಮನೆತನದವರು. ಇಪ್ಪತ್ತೆರಡನೆಯ ವಯಸ್ಸಿಗೆ ರೈಲ್ವೆ ಪರೀಕ್ಷೆ ಪಾಸು ಮಾಡಿ ಕೋಲ್ಕತ್ತಕ್ಕೆ ಬಂದು, ಕ್ಲೇಮು ಕಚೇರಿಯಲ್ಲಿ ಮೂವತ್ತೆಂಟು ವರ್ಷ ಕೂತರು. ದೇಶದ ಯಾವ ಮೂಲೆಯಲ್ಲಿ ಯಾರ ಮೂಟೆ ಕಳೆದರೂ ಅದರ ದುಃಖ ಕಾಗದವಾಗಿ ಅವರ ಮೇಜಿಗೆ ಬರುತ್ತಿತ್ತು. ಗಂಡ ಚಂದ್ರಶೇಖರ ಸಿಕ್ಕಿದ್ದೂ ಅಲ್ಲಿಯೇ. ಎಸ್ಪ್ಲನೇಡಿನ ಬ್ಯಾಂಕು ಶಾಖೆಯಲ್ಲಿ ಹೊಸದಾಗಿ ಸೇರಿದ್ದ ಕುಂದಾಪುರದ ಹುಡುಗ, ತಾಯಿ ಕಳಿಸಿದ ಮಿಡಿ ಉಪ್ಪಿನಕಾಯಿಯ ಡಬ್ಬ ದಾರಿಯಲ್ಲಿ ಮಾಯವಾಯಿತೆಂದು ದೂರು ತಂದಿದ್ದ. ಆಶಾಲತಾ ಮೂರು ಫಾರಂ ತುಂಬಿಸಿದರು. ಡಬ್ಬ ಸಿಗಲಿಲ್ಲ. ನಾಲ್ಕನೆಯ ಸಲ ಬಂದಾಗ ಅವನು ಉಪ್ಪಿನಕಾಯಿಯ ಮಾತನ್ನೇ ಎತ್ತಲಿಲ್ಲ. ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಎರಡೂ ಮನೆಯವರು ಸಮಾನ ಸಿಟ್ಟಿನಿಂದ ದೂರ ಉಳಿದದ್ದರಿಂದ ಊಟದ ಖರ್ಚೂ ಉಳಿಯಿತು.

ಚಂದ್ರಶೇಖರ ಕ್ರೈಸ್ತರಾಗಲು ದೀಕ್ಷಾಸ್ನಾನ ಮಾಡಿಸಿಕೊಳ್ಳಲಿಲ್ಲ, ದೇವಸ್ಥಾನಕ್ಕೂ ಹೋಗಲಿಲ್ಲ. ದೇವರಿದ್ದಾನೆಯೇ ಎಂದು ಯಾರಾದರೂ ಕೇಳಿದರೆ, ಇಷ್ಟು ದೊಡ್ಡ ಶಾಖೆಗೆ ಒಬ್ಬ ಮ್ಯಾನೇಜರ್ ಇರಲೇಬೇಕು, ಯಾವತ್ತೂ ಸೀಟಿನಲ್ಲಿ ಸಿಗುವುದಿಲ್ಲ ಅಷ್ಟೆ ಎನ್ನುತ್ತಿದ್ದರು. ಆದರೆ ಕನ್ನಡ ಕ್ರೈಸ್ತ ಕೂಟ ತಿಂಗಳಿಗೊಮ್ಮೆ ಎಸ್ಪ್ಲನೇಡಿನ ಹತ್ತಿರದ ಒಂದು ಹಳೆಯ ಚರ್ಚಿನ ಹಿಂಬದಿಯ ಕೋಣೆಯಲ್ಲಿ ಸೇರುವಾಗ, ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕುತ್ತಿದ್ದವರು ಅವರೇ. ಹಾರ್ಮೋನಿಯಂ ಹೊರುತ್ತಿದ್ದರು, ಕಾಫಿ ಕಾಯಿಸುತ್ತಿದ್ದರು, ಕಾಫಿ ಕುಡಿಯದವರಿಗೆ ಬೇರೆ ಪಾತ್ರೆಯಲ್ಲಿ ಜೀರಿಗೆ ಕಷಾಯ ಇಡುತ್ತಿದ್ದರು. ಪ್ರಸಂಗ, ಅಂದರೆ ಉಪದೇಶ, ನಡೆಯುವಾಗ ಕೊನೆಯ ಸಾಲಿನಲ್ಲಿ ಕೂತು, ಉಪದೇಶಕರು ಬೈಬಲಿನ ಅಧ್ಯಾಯದ ಸಂಖ್ಯೆ ತಪ್ಪು ಹೇಳಿದರೆ ಬೆರಳೆತ್ತಿ ಸರಿಪಡಿಸುತ್ತಿದ್ದರು. ಮೂವತ್ತನಾಲ್ಕು ವರ್ಷ ಹೀಗೆ ನಡೆಯಿತು. ಕಳೆದ ಜನವರಿಯಲ್ಲಿ ಹೃದಯ ನಿಂತು ತೀರಿಕೊಂಡರು.

ಈ ಕೂಟದಲ್ಲಿ ಇಪ್ಪತ್ತೆರಡು ಮನೆ. ರೈಲ್ವೆಯವರು, ಸರ್ವೆಯವರು, ಆಸ್ಪತ್ರೆಯವರು, ಹೀಗೆ. ಎಲ್ಲರ ಭಾಷೆ ಒಂದೇ. ಸತ್ತ ಮೇಲಿನ ವಿಳಾಸದ ಬಗ್ಗೆ ಮಾತ್ರ ಒಬ್ಬೊಬ್ಬರದು ಒಂದೊಂದು ತಿಳಿವಳಿಕೆ. ಕೂಟ ಇಷ್ಟು ವರ್ಷ ಒಡೆಯದೆ ಉಳಿದದ್ದಕ್ಕೆ ಪರಸ್ಪರ ಪ್ರೀತಿ ಕಾರಣವೆಂದು ವಾರ್ಷಿಕ ವರದಿಯಲ್ಲಿ ಬರೆಯುತ್ತಾರೆ. ನಿಜವಾದ ಕಾರಣ, ಕಾಫಿಯ ಹೊತ್ತಿನಲ್ಲಿ ನರಕದ ಮಾತು ಎತ್ತಬಾರದೆಂಬ ಒಳಗೊಳಗಿನ ಒಪ್ಪಂದ. ಫ್ಲ್ಯಾಟಿನ ಸೋರಿಕೆ, ಇಲಿಶ್ ಮೀನಿನ ಮುಳ್ಳು, ದುರ್ಗಾ ಪುಜೊ ಹೊತ್ತಿನ ಮೆಟ್ರೊ ನೂಕಾಟ, ಯಾರ ಮಗನಿಗೆ ಯಾಕೆ ಇನ್ನೂ ಹೆಣ್ಣು ಸಿಕ್ಕಿಲ್ಲ, ಇವೆಲ್ಲ ಆಗಬಹುದು. ನರಕ ಬೇಡ.

ಆ ಒಪ್ಪಂದವನ್ನು ಮುರಿದವರು ಆಶಾಲತಾ.

ನವೆಂಬರ್ ಕೊನೆಗೆ, ಕ್ರಿಸ್‌ಮಸ್ಸಿನ ಸಿದ್ಧತೆಯ ವಾರಗಳು ಶುರುವಾಗುವ ಮುಂಚಿನ ಭಾನುವಾರ, ಕೂಟದಲ್ಲಿ ಒಂದು ಪದ್ಧತಿಯುಂಟು. ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಕಾರ್ಯದರ್ಶಿ ಎದ್ದು ನಿಂತು ಓದುತ್ತಾರೆ, ಒಂದೊಂದು ಹೆಸರಿಗೆ ಒಂದೊಂದು ಮೇಣದ ಬತ್ತಿ ಹಚ್ಚುತ್ತಾರೆ. ಇಲ್ಲಿ ತೀರಿದವರು, ಊರಿನಲ್ಲಿ ತೀರಿದ ಅಣ್ಣ ತಂಗಿಯರು, ಎಲ್ಲರೂ ಸೇರಿ ಎಂಟು ಹತ್ತು ಹೆಸರಾಗುತ್ತದೆ. ಅಕ್ಟೋಬರಿನಲ್ಲಿ ಆಶಾಲತಾ ಚೀಟಿಯಲ್ಲಿ ಗಂಡನ ಹೆಸರು ಬರೆದು ಕಾರ್ಯದರ್ಶಿಯ ಕೈಗೆ ಕೊಟ್ಟರು.

ಕಾರ್ಯದರ್ಶಿ ದೇವದಾಸ. ಹುಬ್ಬಳ್ಳಿಯವರು, ಸರ್ವೆ ಇಲಾಖೆಯಲ್ಲಿ ನಿವೃತ್ತರು, ಗಡಿಕಲ್ಲು ನೆಟ್ಟಂತೆ ಮಾತಾಡುವವರು. ಚೀಟಿಯನ್ನು ಎರಡು ಸಲ ಓದಿ, ಮಡಚಿ, ಹಿಂದಕ್ಕೆ ಕೊಟ್ಟರು.

"ಅಕ್ಕಾರ, ನಿಮ್ಮ ಯಜಮಾನ್ರು ನನ್ನ ಗೆಳೆಯಾ. ನನ್ನ ಪಿಂಚಣಿ ಫೈಲು ವರ್ಷಗಟ್ಟಲೆ ಕೂತಿತ್ತು, ಅವರಽ ಓಡಾಡಿ ಬಿಡಿಸಿಕೊಟ್ರು. ಆದರ ಈ ಪಟ್ಟಿ ನನ್ನದಲ್ರಿ. ಮ್ಯಾಲೆ ಏನ್ ಬರದದ ನೋಡ್ರಿ. ಕರ್ತನಲ್ಲಿ ನಿದ್ರಿಸಿದವರು. ಅಂದ್ರ ದೀಕ್ಷಾ ತಗೊಂಡು ತೀರಿಕೊಂಡವರು."

"ಪಟ್ಟಿ ನಿಮ್ಮದಲ್ಲದಿದ್ರೆ ಯಾರದ್ದು?"

"ಕರ್ತಂದು."

"ಟೈಪ್ ಮಾಡಿದ್ದು ನೀವಲ್ವಾ ದೇವದಾಸಣ್ಣ?"

ದೇವದಾಸರ ನಂಬಿಕೆಯಲ್ಲಿ ಸಂದಿಗೊಂದಿ ಇರಲಿಲ್ಲ. ಒಂದು ಇಕ್ಕಟ್ಟಾದ ಬಾಗಿಲು, ಒಂದು ಅಗಲವಾದ ರಸ್ತೆ. ಬಾಗಿಲಿನಿಂದ ಹೋಗದವರು ಆರದ ಬೆಂಕಿಗೆ, ಎಂದೆಂದಿಗೂ. ತನಗೆ ಇಷ್ಟವಿದೆಯೆಂದು ಹೀಗೆ ಹೇಳುತ್ತಿಲ್ಲ, ಹಾಗೆಂದು ಬರೆದಿದೆ, ನಕ್ಷೆಯಲ್ಲಿ ಇರುವ ಹಳ್ಳವನ್ನು ಸರ್ವೆಯವನು ಅಳಿಸುವಂತಿಲ್ಲ ಎಂದು ವಿವರಿಸಿದರು. ಹೇಳುವಾಗ ದನಿ ಕುಗ್ಗಿತ್ತು. ಕೆಟ್ಟ ಸುದ್ದಿಯ ತಂತಿ ಹಿಡಿದು ಗೆಳೆಯನ ಮನೆಯ ಬಾಗಿಲು ಬಡಿದ ಅಂಚೆಯವನಂತೆ ಕಾಣುತ್ತಿದ್ದರು.

ಆಶಾಲತಾ ಚೀಟಿಯನ್ನು ಕೈಚೀಲಕ್ಕೆ ಹಾಕಿಕೊಂಡು ಮನೆಯಿದ್ದ ಕಸ್ಬಾದ ಬಸ್ಸು ಹತ್ತಿದರು. ಹೆಸರು ಓದದಿದ್ದರೆ ಓದದಿರಲಿ ಎಂದು ಬಿಟ್ಟುಬಿಡಬಹುದಿತ್ತು. ಬಿಡಲಾಗದ್ದಕ್ಕೆ ಒಂದು ಕಾರಣವಿತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹನ್ನೆರಡು ವರ್ಷದ ಹಿಂದೆ, ಬೈಪಾಸ್ ಆಪರೇಶನ್ನಿನ ಹಿಂದಿನ ದಿನ, ಆಸ್ಪತ್ರೆಯ ಮಂಚದ ಮೇಲೆ ಇಡ್ಲಿಯನ್ನು ಬೆರಳಿನಿಂದ ಒತ್ತಿ ನೋಡುತ್ತ ಚಂದ್ರಶೇಖರ ತಾವಾಗಿ ಮಾತು ತೆಗೆದಿದ್ದರು. "ಆಶಾ, ನಾನೊಂದು ಸಹಿ ಹಾಕಿದರೆ ನಿನಗೆ ನಿಶ್ಚಿಂತೆ ಅಂತಾದರೆ ಹಾಕ್ತೇನೆ. ಪಾಸ್ಟರ್ ಅಯ್ಯನವರನ್ನು ಕರೆಸು. ಸ್ವಲ್ಪ ನೀರು, ಅಷ್ಟೇ ಅಲ್ವಾ?" ಮೂವತ್ತೆಂಟು ವರ್ಷ ಸುಳ್ಳು ಸಹಿಗಳನ್ನು ಹಿಡಿದವರು ಆಶಾಲತಾ. ನಂಬಿದರೆ ಹಾಕಿ, ನನ್ನ ಸಮಾಧಾನಕ್ಕೆ ಹಾಕುವುದಾದರೆ ಬೇಡ, ಅದು ಸುಳ್ಳು ಸಹಿ ಎಂದುಬಿಟ್ಟರು. ಚಂದ್ರಶೇಖರ ನಕ್ಕು ಇಡ್ಲಿ ತಿಂದರು. ಮತ್ತೆ ಆ ಮಾತು ಬರಲಿಲ್ಲ.

ದೇವದಾಸ ಹೇಳಿದ್ದು ನಿಜವಾದರೆ, ಬಾಗಿಲ ತನಕ ಬಂದ ಮನುಷ್ಯನನ್ನು ಹಿಂದಕ್ಕೆ ಕಳಿಸಿದ ಕೈ ತಮ್ಮದು. ಬಸ್ಸಿನ ಕಂಡಕ್ಟರ್ ಎರಡು ಸಲ "ಮಾಶಿಮಾ, ಟಿಕೆಟ್" ಎಂದು ಕೇಳಬೇಕಾಯಿತು.

ಆಮೇಲೆ ಅವರು ಮಾಡಿದ್ದು, ಒಂದು ಅಂಗಡಿಯ ಬೆಲೆ ಹಿಡಿಸದಿದ್ದರೆ ಗಿರಾಕಿಯಾದವರು ಮಾಡುವುದನ್ನೇ. ಬೇರೆ ಕಡೆ ವಿಚಾರಿಸಲು ಹೊರಟರು.

ಮೊದಲು ಹಿಲರಿ ಪಿಂಟೊ. ಮಂಗಳೂರಿನ ಕಥೋಲಿಕರು, ಹಡಗು ಕಂಪನಿಯಲ್ಲಿದ್ದವರು, ಕೂಟಕ್ಕೆ ಪ್ರಾರ್ಥನೆಗಿಂತ ಊಟಕ್ಕೆ ಬರುವುದೆಂದು ಅವರೇ ಒಪ್ಪಿಕೊಂಡಿದ್ದರು. ಅವರು ಸಾವಕಾಶವಾಗಿ ಸೋಫಾದಲ್ಲಿ ಕಾಲು ಮಡಚಿ ಕೂತು ಮಾಲು ಹರವಿದರು. ತಮ್ಮಲ್ಲಿ ಸ್ವರ್ಗ ನರಕ ಎರಡೇ ಅಲ್ಲ, ನಡುವೆ ಶುದ್ಧೀಕರಣದ ಸ್ಥಳವುಂಟು. ಸಣ್ಣಪುಟ್ಟ ಕೊಳೆಯಿದ್ದರೆ ಅಲ್ಲಿ ತೊಳೆದು ಮೇಲೆ ಕಳಿಸುತ್ತಾರೆ, ಇಲ್ಲಿ ಚರ್ಚಿನಲ್ಲಿ ಪೂಜೆ ಸಲ್ಲಿಸಿದರೆ ಬೇಗ ಆಗುತ್ತದೆ. ಅದು ದೀಕ್ಷೆಯಾದವರಿಗಲ್ಲವೇ ಎಂದು ಆಶಾಲತಾ ಕೇಳಿದರು. ಬೈಬಲಿನ ಸುವಾರ್ತೆ ಕಿವಿಗೆ ಬೀಳದೆ ಒಳ್ಳೆಯವರಾಗಿ ಬದುಕಿದವರಿಗೂ ದಾರಿಯುಂಟು ಎಂದು ಹಿಲರಿ ಇನ್ನೊಂದು ಕಟ್ಟು ಬಿಚ್ಚಿದರು.

"ಅವರ ಕಿವಿಗೆ ಮೂವತ್ತನಾಲ್ಕು ವರ್ಷ ಬಿದ್ದಿದೆ ಮಾರಾಯ್ರೆ. ಅಧ್ಯಾಯದ ನಂಬರ್ ಸಮೇತ."

ಹಿಲರಿ ಗಲ್ಲ ಕೆರೆದುಕೊಂಡರು. "ಬಿದ್ದದ್ದು ಹೌದು ಆಶಾ ಬಾಯಿ. ಆದರೆ ನಮ್ಮ ಕೂಟದ ಪ್ರಸಂಗ ಕೇಳಿದ್ದನ್ನು ಸುವಾರ್ತೆ ಕೇಳಿದ್ದು ಅಂತ ಲೆಕ್ಕ ಹಿಡಿಯುವುದು ಅನ್ಯಾಯ ಅಲ್ವಾ?"

ಈ ವಾದ ಆಶಾಲತಾರಿಗೆ ಹಿಡಿಸಿತು, ಆದರೆ ನಂಬಿಕೆ ಹುಟ್ಟಲಿಲ್ಲ. ಹಿಲರಿ ಏನೇ ಆಗಲಿ ಒಂದು ಪೂಜೆ ಹೇಳಿಸುತ್ತೇನೆಂದು ಮಾತು ಕೊಟ್ಟು, ಒಂದು ಬಾಟಲಿ ಮನೆಯ ದ್ರಾಕ್ಷಾರಸ ಕೈಗಿತ್ತು ಕಳಿಸಿದರು.

ಎರಡನೆಯವರು ಶೋಭನಾ. ಮೈಸೂರಿನ ಕಡೆಯವರು, ನರ್ಸು, ಶನಿವಾರ ಸಬ್ಬತ್ತು ಎಂಬ ವಿಶ್ರಾಂತಿದಿನ ಆಚರಿಸುವ ಅಡ್ವೆಂಟಿಸ್ಟ್ ಪಂಗಡ. ಜೀರಿಗೆ ಕಷಾಯ ಇವರಿಗಾಗಿಯೇ ಕುದಿಯುತ್ತಿದ್ದದ್ದು. ನಿತ್ಯವಾಗಿ ಸುಡುವ ನರಕವೆಂಬುದು ದೇವರ ಮೇಲೆ ಹೊರಿಸಿದ ಅಪವಾದ ಎಂದು ಅವರು ಖಂಡಿತವಾಗಿ ಹೇಳಿದರು. ಸತ್ತವರು ಈಗ ಎಲ್ಲಿಯೂ ಇಲ್ಲ, ಸುಮ್ಮನೆ ನಿದ್ರೆಯಲ್ಲಿದ್ದಾರೆ. ಕೊನೆಯ ದಿನ ಎದ್ದ ಮೇಲೆ, ಒಪ್ಪಿತರಾಗದವರು ಒಂದೇ ಸಲಕ್ಕೆ ಬೂದಿಯಾಗಿ ಮುಗಿದುಹೋಗುತ್ತಾರೆ. "ನೋವೇ ಇರಲ್ಲ ಆಶಕ್ಕ. ಅನೆಸ್ತೀಶಿಯಾ ಕೊಟ್ಟ ಹಾಗೆ."

"ಬೂದಿ ಆಗುವುದು ಕೇವರಾತಲಾ ಸ್ಮಶಾನದಲ್ಲೇ ಮುಗಿದಿದೆ ಶೋಭನಾ. ಅಲ್ಲಿಂದ ಮುಂದಿನದ್ದು ಬೇಕು ನನಗೆ. ಬೂದಿಯ ಹತ್ತಿರ ಎಂತ ಮಾತಾಡುವುದು?"

ಶೋಭನಾ ಆಶಾಲತಾರ ಕೈ ಹಿಡಿದು ಕೂತರು. ಆಮೇಲೆ, ಆ ಮನುಷ್ಯ ಹೋದ ಮೇಲೆ ಕೂಟದಲ್ಲಿ ತನಗೆ ಯಾರೂ ಕಷಾಯ ಇಟ್ಟಿಲ್ಲ, ತಾನೂ ಕೇಳಿಲ್ಲ ಎಂದರು. ಇಬ್ಬರೂ ಸ್ವಲ್ಪ ಅತ್ತು, ಬಳಿಕ ಸಂದೇಶ್ ಮಿಠಾಯಿ ತಿಂದರು.

ಮೂರನೆಯವರು ಕೂಟಕ್ಕೆ ಪ್ರಸಂಗ ಮಾಡಲು ಬರುವ ಪಾಸ್ಟರ್ ಅಭಯ. ಮೂವತ್ತೆಂಟರ ಆಸುಪಾಸು, ದೇವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದವರು, ಆಳವಾಗಿ ಓದಿಕೊಂಡದ್ದರಿಂದ ಯಾವ ಪ್ರಶ್ನೆಗೂ ನೇರ ಉತ್ತರ ಬಾರದವರು. ಅವರು ಬಾಗಿಲು ಹಾಕಿ ಬಂದು ದನಿ ತಗ್ಗಿಸಿ ಹೇಳಿದರು: ನರಕವಿದೆ. ಆದರೆ ದೇವರ ಪ್ರೀತಿಗೆ ಸೋಲಿಲ್ಲವಾದ್ದರಿಂದ ಅದು ಕೊನೆಗೊಂದು ದಿನ ಖಾಲಿಯಾಗುತ್ತದೆಂದು ತಾನು ಹಾರೈಸುವುದುಂಟು. ನಂಬುವುದೋ ಹಾರೈಸುವುದೋ ಎಂದು ಆಶಾಲತಾ ಕೇಳಿದರು. ಹಾರೈಸುವುದು, ಮತ್ತು ಇದನ್ನು ದಯವಿಟ್ಟು ದೇವದಾಸ್ ಅವರಿಗೆ ಹೇಳಬೇಡಿ ಎಂದರು ಪಾಸ್ಟರ್.

ದೇವದಾಸರದೂ ಸೇರಿ ನಾಲ್ಕು ಕಡೆಯಲ್ಲಿ ಎಲ್ಲಕ್ಕಿಂತ ಅಗ್ಗದ ಬೆಲೆ ಇದೇ. ಆದರೆ ಅಗ್ಗಕ್ಕೆ ಸಿಕ್ಕ ಸರಕನ್ನು ಆಶಾಲತಾ ಬೆಳಕಿಗೆ ಹಿಡಿದು ನೋಡದೆ ಚೀಲಕ್ಕೆ ಹಾಕುವವರಲ್ಲ. ಎಲ್ಲರೂ ಒಳಗೆ ಬರುವುದಾದರೆ, ತಮ್ಮ ಬಿಲ್ಡಿಂಗಿನ ಲಿಫ್ಟು ರಿಪೇರಿಗೆಂದು ಹಣ ಎತ್ತಿ ಓಡಿಹೋದವನೂ ಬರುತ್ತಾನೆ. ಮಳೆಗಾಲದಲ್ಲಿ ಮೊಣಕಾಲು ನೀರಿನಲ್ಲಿ ಸೀರೆ ಎತ್ತಿ ನಡೆದು ತಾವು ಇಷ್ಟು ವರ್ಷ ಕೂಟಕ್ಕೆ ಹೋದದ್ದು ಯಾವ ಸುಖಕ್ಕೆ? ಗಂಡ ಬರಲಿ, ಲಿಫ್ಟಿನವನು ಸ್ವಲ್ಪ ಹೊರಗೆ ನಿಲ್ಲಲಿ ಎನ್ನುವುದು ಅವರ ಮನಸ್ಸಿನ ಲೆಕ್ಕ. ಅಂಥ ಪಂಗಡ ಯಾವುದಾದರೂ ಇದೆಯೇ ಎಂದು ಕೇಳಿದಾಗ ಪಾಸ್ಟರ್, ಹೆಚ್ಚಿನವರ ಪಂಗಡ ಅದೇ ಆಂಟಿ ಎಂದರು.

ಮನೆಯಲ್ಲಿ ಮಗಳು ಕ್ಷಮಾ, ತನ್ನ ಸ್ಕೂಲಿನ ಮಕ್ಕಳ ನೋಟ್‌ಬುಕ್ಕು ತಿದ್ದುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಕನ್ನಡ ಅರ್ಥವಾಗುವಷ್ಟು ಸಲೀಸಾಗಿ ಬಾಯಿಗೆ ಬಾರದ ಹುಡುಗಿ. "ಮಮ್ಮಿ, ಪಪ್ಪಾ ಎಲ್ಲಿದಾರೆ ನನಗೆ ಗೊತ್ತಿಲ್ಲ. ಬಟ್ ಅಲ್ಲಿ ಲೈನ್ ಇದ್ರೆ, ಈಗ ತನಕ ಅದನ್ನ ಸೀದಾ ಮಾಡಿ ಟೋಕನ್ ಕೊಡ್ತಾ ಇರ್ತಾರೆ." ಆಶಾಲತಾ ನಕ್ಕರು. ನಕ್ಕದ್ದಕ್ಕೆ ತಮ್ಮ ಮೇಲೆಯೇ ಸಿಟ್ಟು ಬಂದು ಅಡಿಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡಿದರು.

ನವೆಂಬರ್ ಮೊದಲ ವಾರ ಅವರು ಲೇಕ್ ಮಾರ್ಕೆಟ್ಟಿಗೆ ಬಂದಾಗ ಅಂಗಡಿಯಲ್ಲಿ ಕುಚ್ಚಲಕ್ಕಿ ಇರಲಿಲ್ಲ. ಅಕ್ಕಿ ಪಾರ್ಸೆಲ್ ಆಫೀಸಿಗೆ ಬಂದು ಬಿದ್ದಿದೆ, ಊರಿನಿಂದ ಕಳಿಸಿದ ರಸೀದಿ ಮಾತ್ರ ಟಪಾಲಿನಲ್ಲಿ ಕಳೆದಿದೆ, ರಸೀದಿಯಿಲ್ಲದೆ ಕೊಡುವುದಿಲ್ಲ ಎನ್ನುತ್ತಿದ್ದಾರೆ, ಏನು ಮಾಡುವುದೋ ತಿಳಿಯುತ್ತಿಲ್ಲ ಎಂದು ಅಂಗಡಿಯವನು ಗೋಳು ಹೇಳಿಕೊಂಡ. ಆಶಾಲತಾ ಕನ್ನಡಕದ ಮೇಲಿನಿಂದ ನೋಡಿದರು. ಮೂವತ್ತು ವರ್ಷ ವ್ಯಾಪಾರ ಮಾಡಿದವನಿಗೆ ಇಷ್ಟೂ ತಿಳಿಯದೇ ಎನ್ನುವ ನೋಟ. ರಸೀದಿ ಕಳೆದ ಮಾಲನ್ನು ರೈಲ್ವೆ ಸುಡುವುದಿಲ್ಲ, ಹೂಳುವುದೂ ಇಲ್ಲ. ಮಾಲು ತನ್ನದೆಂದು ಹೇಳುವವನು ಹೊಣೆಪತ್ರ ಬರೆದುಕೊಡಬೇಕು. ಮುಂದೆ ಏನೇ ತಕರಾರು ಬಂದರೂ ತಾನೇ ಜವಾಬ್ದಾರ ಎಂದು ಸಹಿ ಹಾಕಬೇಕು. ಒಬ್ಬ ಜಾಮೀನುದಾರನನ್ನು ಒದಗಿಸಬೇಕು. ಆಮೇಲೆ ಕೊಡಲೇಬೇಕು. ಅಂಥ ಸಾವಿರಾರು ಪತ್ರಗಳನ್ನು ತಾವು...

ಎನ್ನುವಲ್ಲಿಗೆ ಮಾತು ನಿಂತಿತು. ಆಶಾಲತಾ ಕೊಂಡ ಉದ್ದಿನಬೇಳೆಯನ್ನು ಅಲ್ಲಿಯೇ ಬಿಟ್ಟು ಹೊರಟುಹೋದರು. ಅವರು ಏನನ್ನಾದರೂ ಮರೆತದ್ದನ್ನು ಅಂಗಡಿಯವನು ನೋಡಿದ್ದು ಅದೊಂದೇ ಸಲ.

ಕೂಟದ ಸಮಿತಿ ಸೇರಿದ್ದು ಎರಡನೆಯ ಭಾನುವಾರ, ಅದೇ ಹಿಂಬದಿಯ ಕೋಣೆಯಲ್ಲಿ. ದೇವದಾಸ, ಹಿಲರಿ, ಶೋಭನಾ, ಪಾಸ್ಟರ್ ಅಭಯ. ಸ್ಮರಣೆಯ ದಿನದ ಊಟಕ್ಕೆ ಎಷ್ಟು ಅಕ್ಕಿ, ಎಷ್ಟು ಬೇಳೆ ಎಂದು ಕೇಳಲು ಅಂಗಡಿಯವನನ್ನೂ ಕರೆಸಿದ್ದರು. ಆಶಾಲತಾ ಒಳಗೆ ಬಂದು, ಸ್ಟ್ಯಾಂಪ್ ಕಾಗದದ ಮೇಲೆ ಅಚ್ಚುಕಟ್ಟಾಗಿ ಬರೆದ ಒಂದು ಪತ್ರವನ್ನು ದೇವದಾಸರ ಮುಂದೆ ಇಟ್ಟು ಕೂತರು. ದೇವದಾಸ ಸರ್ಕಾರಿ ಮನುಷ್ಯ. ಮುಂದೆ ಬಂದ ಕಾಗದವನ್ನು ಓದದೆ ಇರಲು ಅವರಿಂದ ಆಗದು. ಗಟ್ಟಿಯಾಗಿ ಓದತೊಡಗಿದರು.

"ಮಾಲಿನ ವಿವರ: ಗಂಡಸು, ಒಂದು. ವಯಸ್ಸು ಎಪ್ಪತ್ತೆರಡು. ಕಟ್ಟು ಸಡಿಲ, ಒಳಗೆ ಹಾನಿಯಿಲ್ಲ. ರವಾನೆಯಾದ ದಿನ: ಜನವರಿ ಹದಿನೇಳು. ರಸೀದಿ: ಇಲ್ಲ. ಇಲ್ಲದಿರಲು ಕಾರಣ: ಬುಕಿಂಗ್ ಗುಮಾಸ್ತೆಯ ತಪ್ಪು. ಸದರಿ ಮಾಲನ್ನು ರಸೀದಿಯಿಲ್ಲದೆ ಪಟ್ಟಿಗೆ ಸೇರಿಸಿಕೊಂಡಿದ್ದರಿಂದ ಮುಂದೆ ಎಂದಾದರೂ, ಯಾವ ನ್ಯಾಯಸ್ಥಾನದಲ್ಲಾದರೂ ತಕರಾರು ಬಂದಲ್ಲಿ, ಅದರಿಂದಾಗುವ ಸಕಲ ನಷ್ಟಕ್ಕೆ ಕೆಳಗೆ ಸಹಿ ಮಾಡಿದ ನಾನೇ ಹೊಣೆ. ಕೂಟವಾಗಲಿ ಅದರ ಕಾರ್ಯದರ್ಶಿಯಾಗಲಿ ಹೊಣೆಯಲ್ಲ."

ಹಿಲರಿಗೆ ನಗು ತಡೆಯದೆ ಕೆಮ್ಮಿನ ರೂಪದಲ್ಲಿ ಹೊರಬಂತು. ದೇವದಾಸ ನಗಲಿಲ್ಲ. ಗುಮಾಸ್ತೆ ಯಾರೆಂದು ಕೇಳಿದರು. ಆಶಾಲತಾ ಆಸ್ಪತ್ರೆಯ ಮಂಚದ ಕಥೆಯನ್ನು ಹೇಳಿದರು. ಅಳದೆ, ಫೈಲಿನ ಸಂಗತಿ ಒಪ್ಪಿಸುವ ದನಿಯಲ್ಲಿ, ಇಡ್ಲಿಯನ್ನೂ ಬಿಡದೆ ಹೇಳಿದರು. ಹೊರಗೆ ಎಸ್ಪ್ಲನೇಡಿನ ಬಸ್ಸುಗಳು ಒಂದನ್ನೊಂದು ಬಯ್ಯುತ್ತಿದ್ದವು.

ದೇವದಾಸ ಪತ್ರದ ಮೇಲೆ ಬೆರಳಿಟ್ಟರು. "ಅಕ್ಕಾರ, ಸಕಲ ನಷ್ಟ ಅಂತ ಬರದೀರಿ. ಅಂದ್ರ ಏನಂತ ತಿಳದದೇನ್ರಿ? ಕಡೀ ತೀರ್ಪಿನ ದಿನಾ ನಿಮ್ಮ ಯಜಮಾನ್ರನ್ನ ತಿರಸ್ಕಾರ ಮಾಡಿದ್ರಂದ್ರ?"

"ಗೊತ್ತುಂಟು. ಅವರನ್ನು ಎಲ್ಲಿಗೆ ಕಳಿಸ್ತಾರೋ ಅಲ್ಲಿಗೆ ನಾನೂ ಹೋಗುವುದು. ಬರೆದದ್ದೇ ಅದು."

"ಹಂಗ ಒಬ್ಬರ ಸಲುವಾಗಿ ಇನ್ನೊಬ್ಬರು ಹೊಣಿ ಹೊರಾಕ ಬರೂದಿಲ್ರಿ ಅಲ್ಲೆ."

ಅಲ್ಲಿಯವರೆಗೆ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದ ಪಾಸ್ಟರ್ ಅಭಯ ತಲೆಯೆತ್ತಿದರು. "ದೇವದಾಸ್ ಅವರೇ, ಒಬ್ಬ ಉಳಿದವರಿಗೆಲ್ಲ ಹೊಣೆ ಹೊತ್ತ ಅನ್ನೋದ್ರ ಮೇಲೇ ಅಲ್ವಾ ನಮ್ಮೆಲ್ಲರ ನಂಬಿಕೆ ನಿಂತಿರೋದು?" ಆ ಮನುಷ್ಯನ ಬಾಯಿಂದ ನೇರ ಮಾತು ಬಂದದ್ದು ಅದೇ ಮೊದಲಿರಬೇಕು, ಹೇಳಿದ ಮೇಲೆ ಅವರೇ ಬೆಚ್ಚಿದಂತೆ ಕಂಡರು.

"ಅಂವಾ ಬ್ಯಾರೆ ಅಯ್ಯನವರಽ. ಇವರು ರೈಲ್ವೆ ಗುಮಾಸ್ತರು."

ಹೀಗೆಂದರೂ ದೇವದಾಸ ಪತ್ರವನ್ನು ಹಿಂದಕ್ಕೆ ತಳ್ಳಲಿಲ್ಲ. ಬೆಳಕಿಗೆ ಹಿಡಿದು ನೋಡಿದರು, ತಾರೀಕು ಸರಿಯಿದೆಯೇ ಎಂದು ನೋಡಿದರು. ಕೊನೆಗೆ ಒಂದು ಹುಳುಕು ಸಿಕ್ಕಿದ ಸಮಾಧಾನದಿಂದ, ಜಾಮೀನುದಾರನ ಜಾಗ ಖಾಲಿಯಿದೆ, ಜಾಮೀನಿಲ್ಲದೆ ಪತ್ರ ಪೂರ್ತಿಯಾಗದು ಎಂದರು. ಹಿಲರಿ ತಕ್ಷಣ ಕೈ ಚಾಚಿದರು. ನೀವು ಕೇಳಿದ್ದಕ್ಕೆಲ್ಲ ಸಹಿ ಹಾಕುವವರು, ನಿಮ್ಮ ಸಹಿಗೆ ಕಿಮ್ಮತ್ತಿಲ್ಲ ಎಂದು ಆಶಾಲತಾರೇ ತಡೆದರು. ಶೋಭನಾ ಸಹಿ ಹಾಕಲು ತಯಾರಿದ್ದರು. ಆದರೆ ತಮ್ಮ ನಂಬಿಕೆಯಂತೆ ಸದರಿ ಮಾಲು ಈ ಹೊತ್ತಿಗೆ ಎಲ್ಲಿಯೂ ಇಲ್ಲವಾದ್ದರಿಂದ ಏನೆಂದು ಜಾಮೀನು ನಿಲ್ಲುವುದೆಂಬ ಗೊಂದಲದಲ್ಲಿದ್ದರು. ಪಾಸ್ಟರರು ಅವತ್ತಿನ ಧೈರ್ಯವನ್ನು ಒಂದೇ ಮಾತಿಗೆ ಖರ್ಚು ಮಾಡಿ ಮುಗಿಸಿದ್ದರು.

ಆಶಾಲತಾ ಬಾಗಿಲ ಪಕ್ಕ ಬೇಳೆಯ ಚೀಟಿ ಹಿಡಿದು ನಿಂತಿದ್ದ ಅಂಗಡಿಯವನ ಕಡೆ ತಿರುಗಿದರು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಗೋಡೆಯಿತ್ತು.

"ಇವರಿಗೂ ದೀಕ್ಷಾ ಆಗಿಲ್ರಿ," ಎಂದರು ದೇವದಾಸ. "ಮುಳಗೋರಿಗೆ ಮುಳಗೋರ ಜಾಮೀನೇನ್ರಿ?"

"ದೇವದಾಸಣ್ಣ, ಜಾಮೀನುದಾರನ ಧರ್ಮ ಕೇಳುವ ಕಾಲಮ್ಮೇ ಇಲ್ಲ ರೈಲ್ವೆಯಲ್ಲಿ. ಮಾಲನ್ನು ಗುರುತಿಸ್ತಾನಾ ಅಂತ ಮಾತ್ರ ಕೇಳುವುದು. ಕಾಮತ್ರೇ, ಅವರನ್ನು ನೀವು ಗುರುತಿಸ್ತೀರಾ?"

ಪ್ರಶ್ನೆ ಸರಳವಾಗಿತ್ತು. ಅಂಗಡಿಯವನು, ಗುರುತಿಸುತ್ತೇನೆ ಎಂದ. ಯಾವ ಗುಂಪಿನಲ್ಲಿದ್ದರೂ ಗುರುತಿಸುತ್ತೇನೆ ಎಂದೂ ಸೇರಿಸಿದ. ಪೆನ್ನು ಪಾಸ್ಟರರದು. ಸಹಿ ಅಂಗಡಿಯವನದು.

ದೇವದಾಸ ಆ ಎರಡು ಸಹಿಗಳನ್ನು ನೋಡಿದರು. ಆಮೇಲೆ ಪತ್ರದ ಮೂಲೆಯಲ್ಲಿ ತಮ್ಮ ಗುಂಡು ಅಕ್ಷರಗಳಲ್ಲಿ ಬರೆದರು: ಸ್ವೀಕರಿಸಲಾಗಿದೆ, ಮೇಲಧಿಕಾರಿಯ ಅಂತಿಮ ತೀರ್ಮಾನಕ್ಕೆ ಒಳಪಟ್ಟು. ಕೆಳಗೆ ತಾರೀಕು ಹಾಕಿದರು. "ನಾ ನರಕಾ ರದ್ದು ಮಾಡೀನಂತ ಯಾರೂ ತಿಳೀಬ್ಯಾಡ್ರಿ," ಎಂದು ಎಲ್ಲರ ಮುಖವನ್ನೂ ಒಮ್ಮೆ ನೋಡಿ ಹೇಳಿದರು. ಯಾರೂ ಹಾಗೆ ತಿಳಿದಿರಲಿಲ್ಲ. ಸಭೆ ಅಕ್ಕಿ ಬೇಳೆಯ ವಿಷಯಕ್ಕೆ ಹೋಯಿತು.

ಸ್ಮರಣೆಯ ಭಾನುವಾರ ಒಂಬತ್ತು ಹೆಸರುಗಳಿದ್ದವು. ದೇವದಾಸ ನಿಂತು ಓದಿದರು. ಐದನೆಯದು ಶಿವಮೊಗ್ಗದಲ್ಲಿ ತೀರಿದ ಯಾರದೋ ಅತ್ತೆ, ಏಳನೆಯದು ಹೌರಾದ ನಿವೃತ್ತ ಗಾರ್ಡ್ ಒಬ್ಬರು. ನಡುವೆ ಚಂದ್ರಶೇಖರ ಎಂದು, ಹಿಂದೆ ಮುಂದೆ ಏನೂ ಸೇರಿಸದೆ, ಉಳಿದ ಹೆಸರುಗಳಷ್ಟೇ ಗಟ್ಟಿಯಾಗಿ ಓದಿದರು. ಬತ್ತಿಯನ್ನು ಬೇರೆಯವರ ಕೈಗೆ ಕೊಡದೆ ತಾವೇ ಹಚ್ಚಿದರು. ಫ್ಯಾನಿನ ಗಾಳಿಗೆ ಎರಡು ಸಲ ಆರಿತು, ಮೂರನೆಯ ಸಲ ಅಂಗೈ ಅಡ್ಡ ಹಿಡಿದು ನಿಂತರು. ಆಶಾಲತಾ ನೆಟ್ಟಗೆ ಕೂತಿದ್ದರು. ಗಂಡ ಎಲ್ಲಿದ್ದಾರೆಂಬುದು ಅವರಿಗೆ ಇನ್ನೂ ಗೊತ್ತಿರಲಿಲ್ಲ. ಆದರೆ ಬಾಗಿಲಲ್ಲಿ ತಡೆದವಳು ಎಂಬ ಹೆಸರು ಹೊತ್ತು ಅವರು ಒಬ್ಬರೇ ಕೂತಿರಬೇಕಾಗಿರಲಿಲ್ಲ. ಅವರು ಹೇಳಿದ್ದನ್ನು ನಾಲ್ಕು ಬಗೆಯ ನಂಬಿಕೆಯವರು ಕೇಳಿ, ಎದ್ದುಹೋಗದೆ ಪಕ್ಕದಲ್ಲಿಯೇ ಕೂತಿದ್ದರು.

ಊಟದ ನಂತರ ದೇವದಾಸ, ಕೈ ಒರೆಸಿಕೊಳ್ಳುತ್ತ, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು ಆಶಾಲತಾರ ಬಳಿ ಬಂದರು. ಆ ಪತ್ರದ ನಮೂನೆ ಇನ್ನೊಂದು ಪ್ರತಿ ಇದ್ದರೆ ಬೇಕಾಗಿತ್ತು ಎಂದರು. ಕಡತಕ್ಕಾಗಿ ಎಂದು ಆಮೇಲೆ ಸೇರಿಸಿದರು. ದೇವದಾಸರ ತಾಯಿ ಕೊನೆಯವರೆಗೆ ಎಲ್ಲಮ್ಮನಿಗೆ ನಡೆದುಕೊಂಡವರು ಎಂಬುದು ಕೂಟದಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಆಶಾಲತಾ ಕೈಚೀಲದಿಂದ ಖಾಲಿ ಪ್ರತಿಯೊಂದನ್ನು ತೆಗೆದು, ಮಡಚಿ, ಕೊಟ್ಟರು. ಮಾಲಿನ ವಿವರ ಕೇಳಲಿಲ್ಲ.

ಚಂದ್ರಶೇಖರ ಇಪ್ಪತ್ತೆಂಟು ವರ್ಷ ಭಾನುವಾರ ಬೆಳಿಗ್ಗೆ ಈ ಅಂಗಡಿಯ ಮೆಟ್ಟಿಲ ಮೇಲೆ ಕೂತು ಪೇಪರು ಓದಿದವರು. ಅವರು ಹೋದ ಮೇಲೆ ಹತ್ತು ತಿಂಗಳು ಅವರ ಹೆಂಡತಿ ಸಾಮಾನಿಗೆ ಬಂದಾಗಲೆಲ್ಲ ಅಂಗಡಿಯವನು ತೆಂಗಿನೆಣ್ಣೆಯ ಮಾತಾಡಿದ, ಅಕ್ಕಿಯ ಮಾತಾಡಿದ, ಅವರ ಹೆಸರೆತ್ತಲಿಲ್ಲ. ಸಾವಿನ ಮಾತು ವ್ಯಾಪಾರಕ್ಕೆ ಒಳ್ಳೆಯದಲ್ಲವೆಂದುಕೊಂಡು ಸುಮ್ಮನಿದ್ದ. ಆ ಮನುಷ್ಯ ನನ್ನ ಗೆಳೆಯ, ಅವನನ್ನು ನಾನು ಬಲ್ಲೆ ಎಂದು ನಾಲ್ಕು ಜನರ ಎದುರು ಹೇಳುವಂತೆ ಮಾಡಿದವರು ಆಶಾಲತಾ. ಅದಕ್ಕೆ ನಾನು ಅವರಿಗೆ ಋಣಿ.